ಚಿಕ್ಕೋಡಿಯ ಚಾರ್ಜರ್ ಮುಂದೆ ಅವ್ವನ ಪಾಳಿ

ಟವೆಲ್ಲಿನ ಒಂದು ಮೂಲೆ ಇನ್ನೂ ಹಸಿಯಾಗಿತ್ತು. ಬಿಳಿ ಟವೆಲ್, ಎರಡೂ ಅಂಚಿಗೆ ಸಣ್ಣ ಕೆಂಪು ಗೆರೆ. ಚಾರ್ಜರಿನ ಎರಡನೇ ಗನ್ನಿನ ಹಿಡಿಕೆಗೆ ಅದನ್ನು ಯಾರೋ ಗಂಟಿನ ಮೇಲೆ ಗಂಟು ಹಾಕಿ ಬಿಗಿದಿದ್ದರು. ಗಾಳಿ ಬಂದಾಗ ಒಣಗಿದ ಭಾಗ ಹಾರಾಡುತ್ತಿತ್ತು. ಹಸಿ ಮೂಲೆ ಮಾತ್ರ ಭಾರವಾಗಿ ಕೆಳಗೇ ಜೋತುಬಿದ್ದಿತ್ತು.

ಅದು ಚಿಕ್ಕೋಡಿಯ ಹೊರಗೆ, ರಸ್ತೆ ಬದಿಯ ಒಂದು ಖಾನಾವಳಿಯ ಪಕ್ಕದಲ್ಲಿರುವ ಚಾರ್ಜಿಂಗ್ ಸ್ಟೇಷನ್. ಸ್ಟೇಷನ್ ಎಂದರೆ ತಗಡಿನ ಒಂದು ಮಾಡು, ಅದರ ಕೆಳಗೆ ಆಳೆತ್ತರದ ಒಂದು ಯಂತ್ರ, ಯಂತ್ರಕ್ಕೆ ಎರಡು ಗನ್, ಅಂದರೆ ಕಾರಿಗೆ ಸಿಕ್ಕಿಸುವ, ಹಿಡಿಕೆಯಿರುವ ಕೇಬಲ್. ಒಂದು ಗನ್ ಬೂದು ಬಣ್ಣದ ಕಾರಿಗೆ ಸಿಕ್ಕಿಸಿತ್ತು. ಇನ್ನೊಂದಕ್ಕೆ ಈ ಟವೆಲ್. ಅದು ಕಬ್ಬಿನ ಹಂಗಾಮು. ಊಟದ ಹೊತ್ತು ಮುಗಿದು, ಖಾನಾವಳಿಯಲ್ಲಿ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಅವ್ವ ಕಾರನ್ನು ಮಾಡಿನ ಸಮೀಪಕ್ಕೆ ತಂದು, ಎರಡು ಸಲ ಹಿಂದೆ ಮುಂದೆ ಮಾಡಿ, ನೆಟ್ಟಗೆ ನಿಲ್ಲಿಸಿದಳು. ನಾನು ಪಕ್ಕದ ಸೀಟಿನಲ್ಲಿ ಕೂತಿದ್ದೆ. ಫೋನಿನ ಆ್ಯಪ್‌ನಲ್ಲಿ ಒಂದು ಗನ್ ಖಾಲಿ ಎಂದು ಹಸಿರು ಚುಕ್ಕೆ ಕಾಣುತ್ತಿತ್ತು. ಅದನ್ನು ನೋಡಿಕೊಂಡೇ ನಾವು ನಿಪ್ಪಾಣಿಯಿಂದ ಹೊರಟಿದ್ದೆವು.

ಬೆಳಿಗ್ಗೆಯೇ ಹೊರಡಬೇಕಿತ್ತು. ನಮ್ಮ ಗಲ್ಲಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಹೋಗಿದ್ದರಿಂದ ಮನೆಯಲ್ಲಿ ಕಾರು ಚಾರ್ಜ್ ಆಗಿರಲಿಲ್ಲ. ಕರೆಂಟ್ ಈಗ ಬರುತ್ತದೆ, ಇನ್ನೇನು ಬಂದೀತು ಎಂದು ಕಾಯುತ್ತ ಅರ್ಧ ದಿನ ಹೋಯಿತು. ಹೆದ್ದಾರಿಯ ಪಕ್ಕದ ಚಾರ್ಜರುಗಳ ಮುಂದೆ ಪುಣೆಯ ಕಡೆಯಿಂದ ಬಂದ ಗಾಡಿಗಳ ಸಾಲು. ಉಳಿದಿದ್ದ ಚಾರ್ಜ್ ಚಿಕ್ಕೋಡಿಯವರೆಗೆ ಸಾಕಿತ್ತು, ರಾಯಬಾಗದಾಚೆಯ ಅಲಖನೂರಿನವರೆಗೆ ಸಾಲುತ್ತಿರಲಿಲ್ಲ.

ಅಲಖನೂರು ಅವ್ವನ ತವರು. ಮದುವೆಯಾದಾಗಿನಿಂದ ಅವ್ವ ಅಲ್ಲಿಗೆ ಒಮ್ಮೆಯೂ ತಾನಾಗಿ ಹೋದದ್ದಿಲ್ಲ. ಮೊದಲು ಮಾಮಾ ಚಕ್ಕಡಿ ಹೂಡಿಕೊಂಡು ಬರುತ್ತಿದ್ದರಂತೆ. ಆಮೇಲೆ ಅಪ್ಪ ಬಸ್ಸಿನಲ್ಲಿ ಕರೆದೊಯ್ದು ಬಿಟ್ಟುಬರುತ್ತಿದ್ದ, ಮತ್ತೆ ಹೋಗಿ ಕರೆತರುತ್ತಿದ್ದ. ಈಚೆಗೆ ನಾನು. ಬಿಡುವುದು, ಕರೆತರುವುದು ಎಂಬ ಎರಡು ಕ್ರಿಯಾಪದಗಳ ನಡುವೆ ಅವ್ವನ ತವರಿನ ದಿನಗಳು ಇರುತ್ತಿದ್ದವು. ನಾನು ಕೆಲಸಕ್ಕೆ ಸೇರಿ ಈ ಕಾರು ಕೊಂಡ ಮೇಲೆ, ಒಂದು ಭಾನುವಾರ ಅವ್ವ ಸುಮ್ಮನೆ ಡ್ರೈವರ್ ಸೀಟಿನಲ್ಲಿ ಕೂತು, ಕ್ಲಚ್ ಇಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ಗೇರ್? ಅದೂ ಇಲ್ಲ. ಮತ್ತೆ ಇನ್ನೇನು ಕಲಿಯುವುದಿದೆ ಎಂದಳು. ಬೇಡಕಿಹಾಳದ ಕಡೆಯ ಖಾಲಿ ರಸ್ತೆಗಳಲ್ಲಿ ಆ ವರ್ಷವಿಡೀ ಕಲಿತಳು. ಲೈಸೆನ್ಸ್ ಬಂದ ದಿನ ಯಾರಿಗೂ ಹೇಳದೆ ಅದನ್ನು ದೇವರ ಮುಂದೆ ಇಟ್ಟು, ಆಮೇಲೆ ತನ್ನ ಪರ್ಸಿಗೆ ಹಾಕಿಕೊಂಡಳು.

ಅವಳ ಆಸೆ ಒಂದೇ ಆಗಿತ್ತು. ಆಯಿ, ಅಂದರೆ ಅವ್ವನ ತಾಯಿ, ನೋಡುವಂತೆ ಆ ಮನೆಯ ಮುಂದೆ ತಾನೇ ಗಾಡಿ ನಡೆಸಿಕೊಂಡು ಹೋಗಿ ಇಳಿಯಬೇಕು. ನೋಡುವಂತೆ ಎಂಬುದೇ ಮುಖ್ಯ. ಆಯಿಯ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು ಕಣ್ಣಿಗೆ ಒಳ್ಳೆಯ ಬೆಳಕಿದ್ದರೆ ಮನುಷ್ಯರು, ಬಣ್ಣ, ಚಲನೆ ತಿಳಿಯುತ್ತಿತ್ತು. ಹೊತ್ತು ಇಳಿದರೆ ಏನೂ ಇಲ್ಲ. ಇದ್ದ ದೃಷ್ಟಿಯೂ ಎಷ್ಟು ದಿನ ಇದ್ದೀತು ಹೇಳಲಾಗದು ಎಂದು ಮಿರಜದ ಡಾಕ್ಟರು ಮಾಮಾನಿಗೆ ತಿಳಿಸಿದ್ದರು. ಆಯಿ ಫೋನಿನಲ್ಲಿ, "ನೀ ಗಾಡಿ ಹೊಡಕೊಂಡ ಬರತಿ? ಹೊತ್ತ ಇರೂ ಮುಂದ ಬಾ ಬೇ, ನೋಡತೀನಿ" ಎಂದಿದ್ದಳು.

ಅವ್ವನಿಗೂ ಕತ್ತಲಲ್ಲಿ ಗಾಡಿ ಓಡಿಸಲು ಆಗುತ್ತಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಮೇಲೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತವೆ. ಎದುರಿನಿಂದ ಬರುವವುಗಳ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಹೊತ್ತು ಮುಳುಗುವ ಮೊದಲು ಮುಟ್ಟುವುದು ಅವರಿಬ್ಬರಿಗೂ ಬೇಕಾಗಿತ್ತು.

ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತು, "ಊರಾಗ ಎಮ್ಮಿ ಅಡ್ಡ ಬಂದ್ರ ಬರೇ ಹಾರ್ನ್ ಹೊಡಿ. ನನ್ನ ಮ್ಯಾಲ ಒದರಿದಂಗ ಒದರಬ್ಯಾಡ, ಪಾಪ, ಹಾಲ ಕೊಡೂದ ಬಿಟ್ಟಾವು" ಎಂದ.

"ಎಮ್ಮಿಗಿ ಒಮ್ಮೆ ಹೇಳಿದ್ರ ತಿಳೀತೈತ್ರಿ. ಸರೀತಾವ" ಎಂದಳು ಅವ್ವ.

ಚಾರ್ಜರಿನ ಹತ್ತಿರ ನಾನು ಇಳಿದು ಗನ್ನಿನ ಕಡೆ ನಡೆದೆ. ಟವೆಲ್ ಕಂಡದ್ದು ಆಗ. ನನ್ನ ಕೈ ತಾನಾಗಿ ಹಿಂದೆ ಸರಿಯಿತು.

ನಮ್ಮ ಕಡೆ ಟವೆಲ್ ಹಾಕುವುದೆಂದರೆ ಜಾಗ ಹಿಡಿಯುವುದು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಒಬ್ಬರು ಟವೆಲ್ ಒಗೆದರೆ ಆ ಸೀಟು ಅವರದು. ಬಾಗಿಲಲ್ಲಿ ನೂಕಾಡಿ ಮೊದಲು ಹತ್ತಿದವರು ಕೂಡ ಆ ಟವೆಲ್ ನೋಡಿ ಗೊಣಗುತ್ತ ಮುಂದೆ ಹೋಗುತ್ತಾರೆ. ಮದುವೆಯ ಊಟದ ಪಂಕ್ತಿಯಲ್ಲಿ, ಕ್ಷೌರದಂಗಡಿಯ ಕುರ್ಚಿಯಲ್ಲಿ, ದವಾಖಾನೆಯ ಬೆಂಚಿನ ಮೇಲೆ, ಎಲ್ಲ ಕಡೆ ಇದೇ. ಟವೆಲ್ ಎತ್ತಿ ಕೂತವರನ್ನು ನಾನು ಈವರೆಗೆ ಕಂಡಿಲ್ಲ. ಕಾರು ಚಾರ್ಜ್ ಮಾಡುವ ಜಾಗಗಳು ಬಂದು ಬಹಳ ದಿನವಾಗಿಲ್ಲ. ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ನಿಪ್ಪಾಣಿಯ ಹೆದ್ದಾರಿಯಲ್ಲಿ ಜನ ಗನ್ ಸಿಕ್ಕಿಸಿ ಒಬ್ಬರ ಮುಖ ಒಬ್ಬರು ನೋಡದೆ ಹೋಟೆಲಿನೊಳಗೆ ನಡೆದುಬಿಡುತ್ತಾರೆ. ಒಳಗಿನ ಊರುಗಳಲ್ಲಿ ಹಾಗಿಲ್ಲ. ಎಷ್ಟು ಆಯಿತು, ಇನ್ನೆಷ್ಟು ಬೇಕು, ಯಾವ ಊರು, ಯಾರ ಪೈಕಿ ಎಂದು ಕೇಳುತ್ತಾರೆ. ಹೊಸ ಯಂತ್ರದ ಮುಂದೆ ನಿಂತಾಗ, ಬಸ್ಸಿನಲ್ಲಿ ಮತ್ತು ಬಾವಿಯ ಹತ್ತಿರ ಕಲಿತ ನಡತೆಯನ್ನೇ ಬಳಸುತ್ತಾರೆ.

"ಪಾಳಿ ಐತವಾ" ಎಂದಿತು ಒಂದು ತಗ್ಗಿದ ದನಿ.

ಮಾಡಿನ ಆಚೆ ಬೇವಿನ ನೆರಳಿನಲ್ಲಿ ಇನ್ನೊಂದು ಕಾರು ನಿಂತಿತ್ತು. ಅದರ ಬಾಗಿಲು ತೆರೆದುಕೊಂಡು, ಕಾಲು ಹೊರಗೆ ಚಾಚಿ ಒಬ್ಬ ಹಿರಿಯರು ಕೂತಿದ್ದರು. ಧೋತರ, ಬಿಳಿ ಟೊಪ್ಪಿಗೆ. ಹಿಂದಿನ ಸೀಟಿನ ತುಂಬ ದ್ರಾಕ್ಷಿ ತುಂಬುವ ಖಾಲಿ ಕ್ರೇಟುಗಳು.

"ಆ್ಯಪ್‌ನಾಗ ಖಾಲಿ ಐತಿ ಅಂತ ತೋರಸತೈತ್ರಿ" ಎಂದೆ.

"ನಿಮ್ಮ ಆ್ಯಪಿಗಿ ಟವೆಲ್ ಕಾಣಸೂದಿಲ್ಲೇನ?" ಎಂದರು ಅವರು. "ನನ್ನಕಿಂತ ಮದಲ ಯಾರೋ ಬಂದ ಕಟ್ಟಿ ಹೋಗ್ಯಾರ. ಅವರದಾದ ಮ್ಯಾಲ ನಂದು. ನನ್ನ ಹಿಂದ ನಿಮ್ದು. ಜರಾ ಹಗೂರಕ ಮಾತಾಡ, ಅಲ್ಲಿ ಕೂಸ ಮಲಗೇತಿ."

ಅವರು ಗಲ್ಲದಿಂದ ಬೂದು ಕಾರನ್ನು ತೋರಿಸಿದರು. ಅದರ ಹಿಂದಿನ ಸೀಟಿನಲ್ಲಿ, ಕಿವಿಗೆ ಸ್ಕಾರ್ಫ್ ಸುತ್ತಿಕೊಂಡ ಬಾಣಂತಿಯೊಬ್ಬಳು ತಲೆಯನ್ನು ಗಾಜಿಗೆ ಆನಿಸಿ ನಿದ್ದೆ ಹೋಗಿದ್ದಳು. ಅವಳ ಎದೆಗೆ ಒರಗಿ ಒಂದು ಸಣ್ಣ ಟೊಪ್ಪಿಗೆ, ಅದರೊಳಗೆ ಕೂಸು. ಅವಳ ಗಂಡ ಕಾರಿನ ಹೊರಗೆ ಬಿಸಿಲಿನಲ್ಲೇ ನಿಂತಿದ್ದ. ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು. ಯಾವುದೋ ಆಫೀಸಿನ ನೌಕರಿಯವನಂತಿದ್ದ. ನಮ್ಮನ್ನು ಕಂಡ ಕೂಡಲೇ ಮುಖ ಬಾಡಿತು.

"ನಮ್ದ ಫುಲ್ ಆಗಿ ಭಾಳ ಹೊತ್ತಾತ್ರಿ" ಎಂದು ಹತ್ತಿರ ಬಂದು ಪಿಸುಗುಟ್ಟಿದ. "ಗನ್ ತಗೀಬೇಕಂದ್ರ ಗಾಡಿ ಲಾಕ್ ಬಿಚ್ಚಬೇಕ್ರಿ. ನಾಕೂ ಬಾಗಲಾ ಒಮ್ಮೆಲೆ ಟಕ್ ಅಂತಾವ. ಒಮ್ಮೆ ಬಿಚ್ಚಾಕ ಹೋಗಿದ್ನಿ, ಕೂಸು ಮಿಸುಗಾಡಿತು. ಬಿಟ್ನಿ. ರಾತ್ರಿಯಿಂದ ಇಬ್ಬರಿಗೂ ನಿದ್ದಿ ಇಲ್ರಿ. ತವರಮನಿಯಿಂದ ಕಾಗವಾಡಕ್ಕ ಕರಕೊಂಡ ಹೊಂಟೇನಿ. ತಪ್ಪ ತಿಳೀಬ್ಯಾಡ್ರಿ."

ನಾನು ಅವ್ವನ ಕಡೆ ನೋಡಿದೆ. ಅವಳು ಕಾರಿನಿಂದ ಇಳಿದು, ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿ, ನಮ್ಮ ಹಿಂದೆ ಬಂದು ನಿಂತಿದ್ದಳು. ಬೂದು ಕಾರಿನ ಗಾಜಿನೊಳಗೆ ಒಂದು ಕ್ಷಣ ನೋಡಿದಳು.

"ಮಲಗಲಿ" ಎಂದಳು. ಆಮೇಲೆ ಆಕಾಶ ನೋಡಿದಳು.

ಹಿರಿಯರು ಕಾರಿನಿಂದ ಇಳಿದು ಬೇವಿನ ಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿ ಅವ್ವನಿಗೆ ಜಾಗ ತೋರಿಸಿದರು. ತಾವು ಅಥಣಿಗೆ ಮರಳುತ್ತಿರುವುದಾಗಿ ಹೇಳಿ, ಯಾವ ಊರು, ಎಲ್ಲಿಗೆ ಹೊರಟಿದ್ದು ಎಂದು ಕೇಳಿದರು. ಅವ್ವ ಹೇಳಿದಳು.

"ಗಾಡಿ ನೀನ ಹೊಡೀತಿ?"

"ಹೂಂರಿ."

"ಮತ್ತ ಈಕಿ?" ಎಂದು ನನ್ನ ಕಡೆ ನೋಡಿದರು.

"ಈಕಿ ಬಾಜೂಕ ಕುಂತ ಬ್ರೇಕ್ ಇಲ್ಲದ ಕಡೆ ಬ್ರೇಕ್ ತುಳೀತಾಳ್ರಿ."

ಹಿರಿಯರು ಸದ್ದಿಲ್ಲದೆ, ಭುಜ ಕುಲುಕಿಸಿ ನಕ್ಕರು. ಕೂಸಿಗಾಗಿ ಹಾಗೆ ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಮಧ್ಯಾಹ್ನದ ಮಾತೆಲ್ಲ ಅದೇ ಮಟ್ಟದಲ್ಲಿ ನಡೆಯಿತು. ರಸ್ತೆಯ ಮೇಲೆ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಅಬ್ಬರಿಸುತ್ತ ಹೋಗುತ್ತಿದ್ದವು. ಅವುಗಳಿಗೆ ಕೂಸು ಎಚ್ಚರಾಗಲಿಲ್ಲ. ನಾವು ಮಾತ್ರ ಪಿಸುಮಾತು ಬಿಡಲಿಲ್ಲ.

ಅವ್ವ ಆಯಿಗೆಂದು ಮಾಡಿ ತಂದಿದ್ದ ಶೇಂಗಾ ಹೋಳಿಗೆಯ ಡಬ್ಬಿ ತೆರೆದಳು. ಹಿರಿಯರಿಗೆ ಕೊಟ್ಟಳು. ಬಿಸಿಲಲ್ಲಿ ನಿಂತವನನ್ನು ಕೈಸನ್ನೆ ಮಾಡಿ ಕರೆದಳು. ಅವನು ಬೇಡ ಎಂದು ತಲೆಯಾಡಿಸಿದ.

"ಗಾಡಿ ಕಾಯಾಕ ನಾವ ಅದೇವಿ. ಬಾರೋ" ಎಂದರು ಹಿರಿಯರು.

ಅವನು ಬಂದು ನಿಂತುಕೊಂಡೇ ತಿಂದ. ತಿನ್ನುವಾಗಲೂ ಕಣ್ಣು ಕಾರಿನ ಮೇಲೆ.

"ಆಯಿಗೆ ಕತ್ತಲಾದ್ರ ಕಾಣಸೂದಿಲ್ರಿ" ಎಂದು ಅವ್ವ ಹಿರಿಯರಿಗೆ ಹೇಳಿದಳು. "ಹೊತ್ತ ಇರೂ ಮುಂದ ಮುಟ್ಟಬೇಕಂತ ಬಂದೇವಿ." ಅಷ್ಟೇ ಹೇಳಿದಳು. ತಾನು ಗಾಡಿಯಿಂದ ಇಳಿಯುವುದನ್ನು ಆಯಿ ನೋಡಬೇಕು ಎಂದು ಹೇಳಲಿಲ್ಲ. ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ. ಅರ್ಧ ಹೋಳಿಗೆ ಕೈಯಲ್ಲೇ ಹಿಡಿದು ಟವೆಲ್ ಕಟ್ಟಿದ ಗನ್ನನ್ನು ಬೈಯುವ ಹಾಗೆ ನೋಡಿದರು.

"ಎಂಥಾ ಮನಶ್ಯಾ ಇದ್ದಾನ ಇವ? ಟವೆಲ್ ಕಟ್ಟಿ ಎಲ್ಲಿ ಕುಂತಾನು?"

"ಖಾನಾವಳಿ ಮುಂದ ಗಾಡಿ ಹಚ್ಚಿ, ಊಟಾ ಮಾಡಿ ಮಲಗಿರಬೇಕ್ರಿ" ಎಂದ ಗಂಡ.

"ಟವೆಲ್ ಇಲ್ಲಿ ಬಿಟ್ಟು ಕೈ ಯಾತಕ್ಕ ವರಸಕೊಂಡಾನು?"

ನಾನು ಮೆಲ್ಲಗೆ, ಟವೆಲ್ ಬಿಚ್ಚಿ ನಾವು ಸ್ವಲ್ಪ ಹೊತ್ತು ಚಾರ್ಜ್ ಮಾಡಿಕೊಂಡು, ಅವರು ಬಂದರೆ ಬಿಟ್ಟುಕೊಡಬಹುದಲ್ಲವೇ ಎಂದು ಕೇಳಿದೆ. ಮೂವರೂ ನನ್ನನ್ನು ನೋಡಿದರು. ಅವ್ವನ ನೋಟವೇ ಎಲ್ಲಕ್ಕಿಂತ ಗಟ್ಟಿಯಾಗಿತ್ತು.

ಅವ್ವ ಬಾವಿಯ ಪಾಳಿಯ ಮನೆಯಲ್ಲಿ ಬೆಳೆದವಳು. ಅಲಖನೂರಿನಲ್ಲಿ ಅಣ್ಣತಮ್ಮಂದಿರ ಹೊಲಗಳಿಗೆಲ್ಲ ಒಂದೇ ಬಾವಿ. ಯಾರ ದಿನ ಯಾರ ಕಬ್ಬಿಗೆ ನೀರು ಎಂಬುದು ಅಜ್ಜಂದಿರ ಕಾಲದಲ್ಲೇ ಗೊತ್ತಾದದ್ದು. ಇನ್ನೊಬ್ಬರ ಪಾಳಿಯಲ್ಲಿ ಮೋಟಾರಿನ ಗುಂಡಿ ಮುಟ್ಟಬಾರದು. ಅವರ ಪಾಳಿ ಮುಗಿದು ನೀರು ಸುಮ್ಮನೆ ಹರಿದು ಹೋಗುತ್ತಿದ್ದರೂ ಬದುವಿನ ಮೇಲೆ ನಿಂತು ಕೂಗಬೇಕೇ ಹೊರತು ಕೈ ಹಾಕುವಂತಿಲ್ಲ. ಕೈ ಹಾಕಿದ ಮನೆಗಳ ಜೊತೆ ಮಾತು ನಿಂತುಹೋದದ್ದನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದಳು.

"ಮಂದಿ ಪಾಳಿ ಅದು" ಎಂದಳು ನನಗೆ.

ಮಾಡಿನ ನೆರಳು ಬದಿಗೆ ಸರಿದು, ಮೆಲ್ಲಗೆ ರಸ್ತೆಯ ಕಡೆ ಉದ್ದವಾಗತೊಡಗಿತು. ಅವ್ವ ಫೋನು ನೋಡುತ್ತಿರಲಿಲ್ಲ, ನೆರಳನ್ನೇ ನೋಡುತ್ತಿದ್ದಳು. ನಾನು ಅವಳ ಪಕ್ಕ ಕೂತು, ತಡವಾದರೆ ಉಳಿದ ದಾರಿ ನಾನು ಓಡಿಸುತ್ತೇನೆ, ಚಿಂತೆ ಬೇಡ ಎಂದೆ. ಸಮಾಧಾನಕ್ಕೆಂದು ಹೇಳಿದ್ದೆ.

"ನೀ ಹೊಡಿಯೂದಿದ್ರ ನಾ ಬಸ್ಸಿಗಿ ಹೋಗತಿದ್ನಿ" ಎಂದಳು. ಸಿಟ್ಟಿನಿಂದಲ್ಲ. ಡಬ್ಬಿಯ ಮುಚ್ಚಳವನ್ನು ಒತ್ತಿ, ಮತ್ತೆ ತೆಗೆದು, ಮತ್ತೆ ಒತ್ತಿದಳು.

ಆಗ ಖಾನಾವಳಿಯ ಹಿಂಬಾಗಿಲಿನಿಂದ ಅದನ್ನು ನಡೆಸುವ ಹೆಂಗಸು ಹೊರಬಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಗೆ ಹಿಟ್ಟು ಮೆತ್ತಿತ್ತು. ನಮ್ಮನ್ನು ಒಮ್ಮೆ ನೋಡಿ, ನೆಟ್ಟಗೆ ಯಂತ್ರದ ಹತ್ತಿರ ಹೋಗಿ, ಗಂಟು ಬಿಚ್ಚಿ ಟವೆಲ್ಲನ್ನು ಕೊಡವಿ, ಹಸಿ ಮೂಲೆಯನ್ನು ಮುಟ್ಟಿ ನೋಡಿ, ಹೆಗಲ ಮೇಲೆ ಹಾಕಿಕೊಂಡು ಹೊರಟಳು.

ನಾವು ನಾಲ್ವರೂ ಅವಳನ್ನೇ ನೋಡುತ್ತಿದ್ದೆವು.

"ಯವ್ವಾ" ಎಂದರು ಹಿರಿಯರು, ಪಿಸುಮಾತು ಮರೆಯದೆ. "ಆ ಟವೆಲ್ ಯಾರದು?"

"ಯಾರದೋ ಏನೋ ಯಪ್ಪಾ. ನಿನ್ನಿ ಊಟಕ್ಕ ಬಂದವರು ಯಾರೋ ಮರತ ಹೋಗ್ಯಾರ. ಒಗದು ಒಣಗಾಕ ಹಾಕಿದ್ನಿ. ಗಾಳಿಗಿ ಹಾರಿ ಹೋಗತೈತಂತ ಗಂಟ ಹಾಕಿದ್ನಿ. ಯಾಕ, ನಿಮ್ದೇನ?"

ಗಂಡ ಬಾಯಿಗೆ ಕೈ ಅಡ್ಡ ಹಿಡಿದು ಆ ಕಡೆ ತಿರುಗಿದ. ಅವನ ಬೆನ್ನು ಅಲುಗುತ್ತಿತ್ತು.

"ಇಷ್ಟೊತ್ತು ಒಣಗಾಕ ಹಾಕಿದ ಅರಬಿಗಿ ಮರ್ಯಾದಿ ಕೊಟ್ಕೋತ ಕುಂತಿದ್ವಿ" ಎಂದರು ಹಿರಿಯರು. "ನಮ್ಮ ಮನ್ಯಾಗ ಹೇಳಬ್ಯಾಡ್ರಿ ಯಾರೂ. ಮದಲ ಅಲ್ಲಿ ನನ್ನ ಟೊಪ್ಪಿಗಿಗಿ ಕಿಮ್ಮತ್ತಿಲ್ಲ."

ಖಾನಾವಳಿಯ ಹೆಂಗಸು ನಮ್ಮ ಮುಖಗಳನ್ನು, ಗನ್ನನ್ನು, ಹೆಗಲ ಮೇಲಿನ ಟವೆಲ್ಲನ್ನು ನೋಡಿ, ಏನೂ ತಿಳಿಯದೆ ಒಳಗೆ ಹೋದಳು.

ಹಿರಿಯರು ಎದ್ದು ತಮ್ಮ ಕಾರಿನ ಕಡೆ ಹೆಜ್ಜೆ ಹಾಕಿದವರು ಅಲ್ಲೇ ನಿಂತರು. ನೆರಳು ಆಗಲೇ ಡಾಂಬರಿನ ಅಂಚಿಗೆ ಮುಟ್ಟಿತ್ತು.

"ತಂಗೀ, ಗಾಡಿ ತಗೊಂಡ ಬಾ. ನೀ ಮದಲ ಮಾಡ್ಕೋ" ಎಂದರು.

ಅವ್ವ ಎದ್ದು ನಿಂತಳು, ಆದರೆ ನಡೆಯಲಿಲ್ಲ. "ಪಾಳಿ ನಿಮ್ದೈತ್ರಿ, ಕಾಕಾ."

"ನಂದ ಐತಿ ಅಂತನ ಹೇಳಾಕತ್ತೇನಿ."

"ಒಲ್ಲೆರಿ. ನಿಮಗೂ ಅಥಣಿ ಮುಟ್ಟಬೇಕಲ್ಲ."

ನನಗೆ ಅವ್ವನ ತೋಳು ಹಿಡಿದು ಅಲುಗಿಸಬೇಕೆನ್ನಿಸಿತು. ಬೇಕಾದದ್ದು ಎದುರಿಗೇ ಇತ್ತು. ಅವಳ ಮುಖದಲ್ಲಿ ಅದು ಬೇಕು ಎನ್ನುವುದು ಕಾಣುತ್ತಿತ್ತು. ಇನ್ನೊಬ್ಬರ ಪಾಳಿ ತೆಗೆದುಕೊಳ್ಳಲು ಕೈ ಮುಂದೆ ಬರುತ್ತಿರಲಿಲ್ಲ, ಅಷ್ಟೇ.

ಹಿರಿಯರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ನಿಮ್ಮ ಬಾವ್ಯಾಗ ಪಾಳಿ ಕಡಾ ಕೊಡೂದಿಲ್ಲೇನ?" ಎಂದು ಕೇಳಿದರು.

ಅವ್ವ ಅವರನ್ನು ನೋಡಿದಳು. "ಕೊಡತಾರ್ರಿ."

"ಸಸಿ ಬಾಡಾಕತ್ತಿದ್ರ?"

"ಸಸಿ ಬಾಡಾಕತ್ತಿದ್ರ ಕೊಡತಾರ. ಮುಂದಿನ ಪಾಳ್ಯಾಗ ತಿರಗಿ ಕೊಡೂದು."

"ಆತಲ್ಲ ಮತ್ತ. ಕಡಾ ಕೊಟ್ಟೇನಿ. ಅಲಖನೂರ ಮುಟ್ಟೂವಷ್ಟು ತಗೋ. ಅಥಣಿ ಚಾರ್ಜರದಾಗ ಎಂದಾರ ನಾ ಗಂಟ ಬಿದ್ರ ತಿರಗಿ ಕೊಡು. ಬೀಳಲಿಲ್ಲಂದ್ರ ನನ್ನ ಹೆಸರಲೆ ನಿಮ್ಮ ಅವ್ವಗ ಒಂದ ಹೋಳಿಗಿ ಜಾಸ್ತಿ ಹಾಕು."

"ಹಂಗಿದ್ರ ಆತ್ರಿ" ಎಂದಳು ಅವ್ವ. ಆಮೇಲೆ ಅವಳು ನಡೆದದ್ದಲ್ಲ, ಓಡಿದಳು.

ಗನ್ ಸಿಕ್ಕಿಸಿ ಸ್ವಲ್ಪ ಹೊತ್ತಿಗೆ ಬೂದು ಕಾರಿನೊಳಗಿಂದ ಅಳು ಕೇಳಿತು. ಕೂಸು ತಾನಾಗಿಯೇ ಎದ್ದಿತ್ತು. ಗಂಡನ ಮುಖದಲ್ಲಿ ಎಂಥ ನಿರಾಳವೆಂದರೆ, ಅಳುವ ಕೂಸನ್ನು ಅಷ್ಟು ಸಂತೋಷದಿಂದ ನೋಡಿದ ತಂದೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾಲ್ಕೂ ಬಾಗಿಲು ಟಕ್ ಎಂದವು. ಎಲ್ಲರೂ ಒಮ್ಮೆಗೇ ಗಟ್ಟಿಯಾಗಿ ಮಾತಾಡತೊಡಗಿದೆವು. ಅವನು ಕಾರು ಸರಿಸಿದ, ಹಿರಿಯರು ತಮ್ಮದನ್ನು ಆ ಜಾಗಕ್ಕೆ ತಂದರು. ಬಾಣಂತಿ ಗಾಜು ಇಳಿಸಿ, ನಿದ್ದೆಗಣ್ಣಿನಲ್ಲಿ, ತಮ್ಮಿಂದ ಯಾರಿಗಾದರೂ ತಡವಾಯಿತೇ ಎಂದು ಕೇಳಿದಳು.

"ಇಲ್ಲವಾ" ಎಂದಳು ಅವ್ವ. "ನಾವು ಟವೆಲ್ ಸಲವಾಗಿ ನಿಂತಿದ್ವಿ." ಕೈ ಒಳಗೆ ಚಾಚಿ ಕೂಸಿನ ಟೊಪ್ಪಿಗೆಯನ್ನು ಕಿವಿಯ ಮೇಲಕ್ಕೆ ಎಳೆದು ಸರಿಮಾಡಿದಳು.

ಕಾರಿನ ಪರದೆಯ ಮೇಲೆ ಅಲಖನೂರಿಗೆ ಸಾಕಾಗುವಷ್ಟು ಅಂಕಿ ಬಂದ ಕೂಡಲೇ ಅವ್ವ ತಾನೇ ಗನ್ ತೆಗೆದಳು. ಇನ್ನಷ್ಟು ಇರಲಿ ಎಂದು ನಾನು ಹೇಳಿದರೂ ಕೇಳಲಿಲ್ಲ. ಕಡ ತಂದದ್ದರಲ್ಲಿ ಹೆಚ್ಚು ತೆಗೆದುಕೊಳ್ಳಬಾರದು ಎಂದೋ, ಹೊತ್ತಿಗಾಗಿಯೋ, ಎರಡೂ ಇರಬಹುದು. ಹಿರಿಯರು ಕೈ ಎತ್ತಿ, "ಸಾವಕಾಶ ಹೋಗ್ರಿ, ಗಡಬಡ ಮಾಡಬ್ಯಾಡ್ರಿ" ಎಂದರು.

ಅವ್ವ ಚೆನ್ನಾಗಿ ಓಡಿಸಿದಳು. ಕರೋಶಿಯ ಕಡೆಗೆ ದಾರಿ ತೆರವಿತ್ತು. ಅವಳು ಸೀಟಿನ ಅಂಚಿನಿಂದ ಹಿಂದೆ ಸರಿದು, ಬೆನ್ನು ಒರಗಿಸಿ ಕೂತಳು. ಅದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕವು. ಒಂದರ ಹಿಂದೆ ಒಂದು, ಟ್ರೇಲರಿನಿಂದ ಹೊರಚಾಚಿದ ಕಬ್ಬಿನ ಸೋಗೆ ರಸ್ತೆಯನ್ನು ಗುಡಿಸುತ್ತ ಹೋಗುತ್ತಿತ್ತು. ಹಿಂದೆ ಹಾಕಲು ಜಾಗವಿರಲಿಲ್ಲ. ಇದ್ದಲ್ಲಿಯೂ ಅವ್ವ ಹಾಕಲಿಲ್ಲ. ಬಲಗಡೆ ಕನ್ನಡಿಯಲ್ಲಿ ಸೂರ್ಯ ಕೆಂಪಗಾದ, ದೊಡ್ಡವನಾದ, ಒಂದು ಹೊಲದ ಕಬ್ಬಿನ ಮೇಲೆ ಕೂತ. ಅವ್ವ ಅದನ್ನು ನೋಡಲಿಲ್ಲ. ಕನ್ನಡಿ ನೋಡಬೇಕಾದಾಗಲೂ ಬೇಗ ಕಣ್ಣು ತೆಗೆದಳು. ರಾಯಬಾಗ ದಾಟಿದ ಮೇಲೆ ರಸ್ತೆಯ ಅಂಚು ಮಸುಕಾಯಿತು. ಎದುರಿನ ಮೊದಲ ಟ್ರ್ಯಾಕ್ಟರು ದೀಪ ಹಾಕಿತು.

ಅವ್ವ ಇನ್ನೂ ಸ್ವಲ್ಪ ದೂರ ಹೋದಳು. ಆಮೇಲೆ ಒಂದು ಹೊಲದ ದಾರಿಯ ಬಾಯಿಗೆ ಕಾರನ್ನು ಇಳಿಸಿ, ನಿಲ್ಲಿಸಿ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಬಾ, ನೀ ಹೊಡಿ" ಎಂದಳು.

ನಾವು ಇಳಿದು ಕಾರಿನ ಮುಂದೆ ಒಬ್ಬರನ್ನೊಬ್ಬರು ದಾಟಿ ಜಾಗ ಬದಲಿಸಿದೆವು. ಸೀಟು ಅವಳ ಅಳತೆಗೆ ಮುಂದೆ ಎಳೆದಿತ್ತು. ನನ್ನ ಮೊಣಕಾಲು ತಾಗುತ್ತಿತ್ತು. ನಾನು ಅದನ್ನು ಹಿಂದೆ ಸರಿಸದೆ ಹಾಗೆಯೇ ಓಡಿಸಿದೆ.

ಅಲಖನೂರಿನಲ್ಲಿ ಮನೆಯ ಮುಂದೆ ಬಲ್ಬು ಹಾಕಿದ್ದರು. ಆಯಿ ಬಾಗಿಲಿನ ಹತ್ತಿರ ಗೋಡೆ ಹಿಡಿದು ನಿಂತಿದ್ದಳು. ಮಾಮಿ ಒಳಗಿನಿಂದ, ಆಯಿ ಮಧ್ಯಾಹ್ನದಿಂದ ಹೊರಗೇ ಕೂತಿದ್ದಳು, ಹೊತ್ತು ಮುಳುಗಿದ ಮೇಲೂ ಒಳಗೆ ಬರಲಿಲ್ಲ ಎಂದು ದೂರುತ್ತ ಬಂದಳು. ಅವ್ವ ಇಳಿದು ಹೋಗಿ ಆಯಿಯ ಕೈ ಹಿಡಿದಳು. ಆಯಿ ಅವಳ ಮುಖವನ್ನು ಸವರಿದಳು.

"ಬಂದ್ಯಾ? ನೀನ ಹೊಡಕೊಂಡ ಬಂದ್ಯೇನ?"

ಹೌದು ಎಂದಿದ್ದರೆ ಆಯಿಗೆ ಗೊತ್ತಾಗುತ್ತಿರಲಿಲ್ಲ. ನಾನೂ ಬಾಯಿ ಬಿಡುತ್ತಿರಲಿಲ್ಲ.

"ಇಲ್ಲ ಬೇ, ಕತ್ತಲಾತು. ರಾಯಬಾಗ ದಾಟೂತನಕಾ ಹೊಡದು ಕಡೀಕ ಈಕಿ ಕೈಯಾಗ ಕೊಟ್ನಿ."

"ಹೂಂ" ಎಂದಳು ಆಯಿ. ಅವಳ ಕೈ ಅವ್ವನ ಗಲ್ಲದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. "ಒಳಗ ಬಾ. ರೊಟ್ಟಿ ಆರತಾವ."

ಊಟದಲ್ಲಿ ಅವ್ವ ಟವೆಲ್ಲಿನ ಕತೆ ಹೇಳಿದಳು. ಮಾಮಾ ತಾಟು ಬಿಟ್ಟು ನಕ್ಕರು. ಅಥಣಿಯ ಕಾಕಾನ ಹೆಸರಿನ ಹೋಳಿಗೆಯನ್ನು ಅವ್ವ ಮರೆಯದೆ ಆಯಿಯ ತಾಟಿಗೆ ಹಾಕಿದಳು. ಯಾರದು, ಯಾಕೆ ಎಂದು ಆಯಿ ಮತ್ತೆ ಮತ್ತೆ ಕೇಳಿ ಹೇಳಿಸಿಕೊಂಡಳು. "ನೀ ಅಲ್ಲಿ ಇದ್ದಿದ್ರ ಆ ಟವೆಲ್ಲಿಗಿ ಕೈ ಮುಗದ ಹೊಳ್ಳಿ ಬರತಿದ್ದಿ" ಎಂದು ಮಾಮಾನನ್ನು ಛೇಡಿಸಿದಳು. ಎಲ್ಲರೂ ಸಂತೋಷವಾಗಿದ್ದರು. ಅವ್ವನೂ. ಆದರೆ ಆಯಿ ನಕ್ಕಾಗಲೆಲ್ಲ ಅವ್ವ ಅವಳ ಕಣ್ಣನ್ನೇ ನೋಡುತ್ತಿದ್ದಳು. ಆ ಕಣ್ಣು ಬಲ್ಬಿನ ಕಡೆಗೂ ಇರಲಿಲ್ಲ, ನಮ್ಮ ಕಡೆಗೂ ಇರಲಿಲ್ಲ.

ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು ಕಾರಿನ ಗಾಜಿನ ಮೇಲಿನ ಇಬ್ಬನಿ ಒರೆಸಿದೆ. ಬಿಸಿಲು ಮನೆಯ ಮುಂದಿನ ಅಂಗಳಕ್ಕೆ ಪೂರ್ತಿ ಬರುವವರೆಗೆ ಕಾದೆ. ಆಮೇಲೆ ಹೊರಸನ್ನು ಎಳೆದು ದಾರಿಗೆ ಎದುರಾಗಿ ಹಾಕಿ, ಆಯಿಯ ಕೈ ಹಿಡಿದು ತಂದು ಕೂರಿಸಿದೆ. ಚಹಾ ಕುಡಿಯುತ್ತಿದ್ದ ಅವ್ವನಿಗೆ ಕೀಲಿ ಕೊಟ್ಟೆ.

ಅವ್ವ ಕೀಲಿಯನ್ನು ನೋಡಿದಳು, ಹೊರಸನ್ನು ನೋಡಿದಳು. "ನೀ ಬರೂದಿಲ್ಲ?"

"ಇಲ್ಲ. ನಾ ಆಯಿ ಕೂಡ ಕೂಡತೀನಿ."

ಅಲ್ಲಿಯವರೆಗೆ ಅವಳು ಪಕ್ಕದಲ್ಲಿ ಯಾರೂ ಇಲ್ಲದೆ ಕಾರು ಓಡಿಸಿರಲಿಲ್ಲ. ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಹೋಗಿ ಕೂತಳು. ಕಾರು ಹಿಂದೆ ಸರಿದು, ತಿರುಗಿ, ಓಣಿಯ ತುದಿಯಲ್ಲಿ ಕಬ್ಬಿನ ಮರೆಗೆ ಹೋಯಿತು.

ಆಯಿ ಕಿವಿಗೊಟ್ಟಳು. ಊರಿಗೆ ಬರುವ ಬಸ್ಸು, ಹಾಲಿನ ಗಾಡಿ, ಮಾಮಾನ ಟ್ರ್ಯಾಕ್ಟರು, ಎಲ್ಲವೂ ಅವಳಿಗೆ ಸದ್ದಿನಿಂದಲೇ ಗೊತ್ತು. ಈ ಗಾಡಿಗೆ ಸದ್ದಿಲ್ಲ.

"ಎಲ್ಲಿ?" ಎಂದಳು.

"ಬರತಾಳ. ದಾರಿ ನೋಡು."

ನಾನು ಅವಳ ಪಕ್ಕ ಕೂತು, ಅವಳ ಗಲ್ಲ ಹಿಡಿದು ಮುಖವನ್ನು ಓಣಿಯ ತುದಿಗೆ ತಿರುಗಿಸಿದೆ. ಬಹಳ ಹೊತ್ತು ಆದಂತೆನಿಸಿತು. ಆಮೇಲೆ ಕಬ್ಬಿನ ಹಸಿರಿನ ಪಕ್ಕದಿಂದ ಕಾರು ಹೊರಬಂತು. ಬಿಸಿಲಿಗೆ ಅದರ ಗಾಜು ಒಮ್ಮೆ ಹೊಳೆಯಿತು. ಅಡ್ಡ ನಿಂತ ಒಂದು ಆಡಿಗಾಗಿ ನಿಂತು, ಅದು ಸರಿದ ಮೇಲೆ, ನೆಟ್ಟಗೆ ನಮ್ಮ ಕಡೆ ಬರತೊಡಗಿತು.

"ಬೆಳ್ಳಗ ಐತಿ" ಎಂದಳು ಆಯಿ.

"ಹೂಂ."

"ಒಳಗ ಒಬ್ಬಾಕಿನ ಅದಾಳೇನ?"

"ಒಬ್ಬಾಕಿನ."

ಆಯಿ ಇನ್ನಷ್ಟು ಮುಂದೆ ಬಾಗಿದಳು. ನಾನು ಅವಳ ಹಣೆಯ ಮೇಲೆ, ಬಿಸಿಲಿಗೆ ಅಡ್ಡವಾಗಿ, ನನ್ನ ಕೈ ಹಿಡಿದೆ. ಅವ್ವ ಬಾಗಿಲು ತೆರೆದು ಇಳಿಯುವವರೆಗೂ ಹಿಡಿದೇ ಇದ್ದೆ.